ಬಾಗಿಲು ತಟ್ಟುವ ಮೊದಲು: ಸಂಘರ್ಷಪೀಡಿತ ಪ್ರದೇಶದಲ್ಲಿ ಆರೋಗ್ಯ ಸಂಶೋಧನೆ ನಡೆಸುವವರಿಗೆ

ಯುದ್ಧ ನಡೆಯುತ್ತಿರುವ ಊರಿನಲ್ಲಿ ಯಾರೋ ಪ್ರಶ್ನಾವಳಿ ಹಿಡಿದು ಒಂದು ಮನೆಯ ಬಾಗಿಲು ತಟ್ಟುತ್ತಾರೆ. ಒಳಗಿದ್ದ ತಾಯಿ ಬಾಗಿಲನ್ನು ಅರ್ಧವೇ ತೆರೆದು ಇಣುಕುತ್ತಾರೆ. ಬಂದವರು ಯಾವ ಕಡೆಯವರು? ಪಡಿತರ ಕೊಡುವವರೇ, ಪಟ್ಟಿ ಮಾಡುವವರೇ? ಮಗ ಎಲ್ಲಿದ್ದಾನೆ ಎಂದು ಕೇಳುತ್ತಾರೆಯೇ? ಇವರೊಂದಿಗೆ ಮಾತನಾಡಿದ್ದನ್ನು ಪಕ್ಕದ ಮನೆಯವರು ಕಂಡರೆ ನಾಳೆ ಏನಾದೀತು? ಹೊರಗೆ ನಿಂತವರಿಗೂ ಅಳುಕು ಕಡಿಮೆಯಿಲ್ಲ. ಸಂಜೆಯೊಳಗೆ ಚೆಕ್‌ಪೋಸ್ಟ್ ದಾಟಬೇಕು, ಚೀಲದಲ್ಲಿರುವ ಕಾಗದ ತಪ್ಪು ಕೈಗೆ ಸಿಗಬಾರದು.

ಸಂಶೋಧನೆಯ ಗುಣಮಟ್ಟ ತೀರ್ಮಾನವಾಗುವುದು ಆ ಹೊಸ್ತಿಲಿನಲ್ಲಿ. ಬಾಗಿಲು ತೆರೆದವರಿಗೆ ಭಯವಿದ್ದರೆ ಉತ್ತರ ಸುಳ್ಳಾಗುತ್ತದೆ. ತಟ್ಟಿದವರಿಗೆ ಭಯವಿದ್ದರೆ ಅವರು ಆ ಬೀದಿಗೇ ಹೋಗದೆ ಹಾಳೆ ತುಂಬಿಸಿಬಿಡಬಹುದು. ಆದ್ದರಿಂದ ಯೋಜನೆಯ ಪ್ರತಿಯೊಂದು ಸಾಲನ್ನೂ ಆ ಬಾಗಿಲಿನ ಬಳಿ ನಿಂತವರಂತೆ ಓದಿ ನೋಡಬೇಕು. ಮುಂದಿನ ಹೆಜ್ಜೆಗಳನ್ನು ಅದೇ ದೃಷ್ಟಿಯಿಂದ ಬರೆದಿದ್ದೇನೆ. ಮೊದಲ ಬಾರಿ ಇಂಥ ಕೆಲಸಕ್ಕೆ ಇಳಿಯುವ ವೈದ್ಯರು, ಸಾರ್ವಜನಿಕ ಆರೋಗ್ಯದ ವಿದ್ಯಾರ್ಥಿಗಳು, ಪರಿಹಾರ ಸಂಸ್ಥೆಗಳ ಕಾರ್ಯಕರ್ತರು ನನ್ನ ಮನಸ್ಸಿನಲ್ಲಿದ್ದಾರೆ.

ಹೆಜ್ಜೆ 1: ಈ ಪ್ರಶ್ನೆಯನ್ನು ಇಲ್ಲಿಯೇ ಕೇಳಬೇಕೇ?

ಮೊದಲು ಮೂರು ವಿಷಯಗಳನ್ನು ಬರೆದಿಟ್ಟುಕೊಳ್ಳಿ. ಉತ್ತರ ಬೇರೆಲ್ಲಾದರೂ, ಕಡಿಮೆ ಅಪಾಯದಲ್ಲಿ ಸಿಗುತ್ತದೆಯೇ? ಉತ್ತರ ಸಿಕ್ಕ ಮೇಲೆ ಯಾರು, ಎಷ್ಟು ದಿನದೊಳಗೆ, ಏನು ಮಾಡುತ್ತಾರೆ? ಆಸ್ಪತ್ರೆಯ ದಾಖಲೆ, ಶಿಬಿರದ ಪಡಿತರ ಪಟ್ಟಿ, ಲಸಿಕೆ ಪುಸ್ತಕ, ಸ್ಮಶಾನದ ಲೆಕ್ಕ, ಇವುಗಳಲ್ಲಿ ಉತ್ತರ ಆಗಲೇ ಅಡಗಿದೆಯೇ? ಎರಡನೆಯ ಪ್ರಶ್ನೆಗೆ ಒಬ್ಬ ವ್ಯಕ್ತಿಯ ಅಥವಾ ಒಂದು ಇಲಾಖೆಯ ಹೆಸರು ಬರೆಯಲು ಆಗದಿದ್ದರೆ ಹೊರಡಬೇಡಿ. ಪ್ರಬಂಧ ಪ್ರಕಟವಾಗುತ್ತದೆ ಎಂಬ ಕಾರಣಕ್ಕೆ ಯಾರದೋ ಬಾಗಿಲಿಗೆ ಅಪಾಯ ಒಯ್ಯುವ ಹಕ್ಕು ನಮಗಿಲ್ಲ.

ಅಲ್ಲಿ ಮಾತ್ರ ಉತ್ತರ ಸಿಗುವ ಪ್ರಶ್ನೆಗಳೂ ಇವೆ. 2018ರ ಆಗಸ್ಟ್‌ನಲ್ಲಿ ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯದ ಪೂರ್ವಭಾಗದಲ್ಲಿ ಎಬೋಲಾ ಕಾಣಿಸಿಕೊಂಡಿತು. ಅದು ಸಶಸ್ತ್ರ ಗುಂಪುಗಳ ಹಾವಳಿಯ ಪ್ರದೇಶ. ಅದೇ ವರ್ಷದ ನವೆಂಬರ್‌ನಲ್ಲಿ ನಾಲ್ಕು ಔಷಧಗಳನ್ನು ಹೋಲಿಸುವ ‘ಪಾಮ್’ ಪ್ರಯೋಗ ಶುರುವಾಯಿತು. 2019ರ ಫೆಬ್ರುವರಿಯಲ್ಲಿ ಕಟ್ವಾ ಮತ್ತು ಬುಟೆಂಬೊದ ಚಿಕಿತ್ಸಾ ಕೇಂದ್ರಗಳ ಮೇಲೆ ದಾಳಿಗಳಾದವು. ಆದರೂ 681 ರೋಗಿಗಳು ಪ್ರಯೋಗಕ್ಕೆ ಸೇರಿದರು. ಎರಡು ಔಷಧಗಳನ್ನು ಪಡೆದವರಲ್ಲಿ ಸಾವು ಶೇ 35ರ ಆಸುಪಾಸಿನಲ್ಲಿತ್ತು, ಉಳಿದೆರಡರಲ್ಲಿ ಅದು ಶೇ 50ರ ಸುತ್ತಮುತ್ತ. ವ್ಯತ್ಯಾಸ ಸ್ಪಷ್ಟವಾಗುತ್ತಲೇ 2019ರ ಆಗಸ್ಟ್‌ನಲ್ಲಿ ಹೋಲಿಕೆಯನ್ನು ನಿಲ್ಲಿಸಿ, ಉತ್ತಮವಾದ ಎರಡನ್ನೇ ರೋಗಿಗಳಿಗೆ ಕೊಡತೊಡಗಿದರು. ಅಂದರೆ ಪ್ರಶ್ನೆ ಅಲ್ಲಿಯದೇ, ಉತ್ತರದ ಲಾಭವೂ ಮೊದಲು ಅಲ್ಲಿಯವರಿಗೇ. ಇಂಥ ಪ್ರಯೋಗಗಳನ್ನು ನೋಡಿದಾಗ ಈ ಕ್ಷೇತ್ರದ ಮೇಲಿನ ನನ್ನ ನಂಬಿಕೆ ಗಟ್ಟಿಯಾಗುತ್ತದೆ.

ಹೆಜ್ಜೆ 2: ನಿಮಗಿಂತ ಮೊದಲೇ ಅಲ್ಲಿರುವವರನ್ನು ಹುಡುಕಿ

ಅಲ್ಲಿನ ವೈದ್ಯರು, ದಾದಿಯರು, ಅಂಕಿ-ಅಂಶ ಬಲ್ಲವರು ನಿಮ್ಮ ‘ಮಾಹಿತಿ ಸಂಗ್ರಾಹಕರು’ ಅಲ್ಲ. ಪ್ರಶ್ನೆ ರೂಪಿಸುವಾಗಲೇ ಅವರು ಮೇಜಿನ ಸುತ್ತ ಇರಬೇಕು. ಮುತ್ತಿಗೆಯೊಳಗಿರುವವರು ಎಂಥ ವಿಜ್ಞಾನ ಮಾಡಬಲ್ಲರು ಎಂಬುದಕ್ಕೆ ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ವಾರ್ಸಾ ಗೆಟ್ಟೊದ 1942ರ ಯಹೂದಿ ವೈದ್ಯರೇ ಸಾಕ್ಷಿ. ತಾವೂ ಹಸಿದಿದ್ದ ಅವರು ಹಸಿವು ಮನುಷ್ಯನ ದೇಹವನ್ನು ಹೇಗೆ ಕರಗಿಸುತ್ತದೆ ಎಂಬುದನ್ನು ಅಳೆದು ದಾಖಲಿಸಿದರು. ಅವರಲ್ಲಿ ಬಹಳ ಮಂದಿ ಉಳಿಯಲಿಲ್ಲ. ಗುಟ್ಟಾಗಿ ಹೊರಗೆ ಸಾಗಿಸಿದ ಹಸ್ತಪ್ರತಿ ಉಳಿಯಿತು, 1946ರಲ್ಲಿ ಪ್ರಕಟವೂ ಆಯಿತು.

ಸ್ಥಳೀಯ ಸಹೋದ್ಯೋಗಿಗಳೊಂದಿಗಿನ ಒಪ್ಪಂದದಲ್ಲಿ ಈ ವಿಷಯಗಳು ಲಿಖಿತವಾಗಿರಲಿ: ಸಂಬಳ, ಗಾಯಗೊಂಡರೆ ಅಥವಾ ಸತ್ತರೆ ವಿಮೆ, ಊರು ಬಿಡಬೇಕಾಗಿ ಬಂದರೆ ನೆರವು, ಪ್ರಬಂಧದಲ್ಲಿ ಹೆಸರು. ಹೆಸರು ಹಾಕುವುದರಿಂದಲೇ ಅಪಾಯವಾದರೆ ಬೇಡವೆನ್ನುವ ಆಯ್ಕೆಯೂ ಅವರದೇ. ಸಂಘರ್ಷ ವಲಯಗಳಲ್ಲಿ ಜೀವ ಕಳೆದುಕೊಳ್ಳುವ ಪರಿಹಾರ ಕಾರ್ಯಕರ್ತರಲ್ಲಿ ಬಹುಪಾಲು ಅದೇ ದೇಶದವರು. ಹೊರಗಿನಿಂದ ಬಂದವರನ್ನು ವಿಮಾನದಲ್ಲಿ ಕರೆಸಿಕೊಳ್ಳುತ್ತಾರೆ, ಸ್ಥಳೀಯರು ಅಲ್ಲಿಯೇ ಉಳಿಯುತ್ತಾರೆ. ಈ ಅಸಮಾನತೆಯನ್ನು ಬಜೆಟ್ಟಿನಲ್ಲಿ ಸರಿಪಡಿಸದೆ ‘ಸಹಭಾಗಿತ್ವ’ ಎಂಬ ಪದ ಬಳಸಬೇಡಿ.

ಅನುಮತಿಯ ವಿಷಯದಲ್ಲಿ ಕಾಗದ ಕೊಡುವವರು ಬೇರೆ, ದಾರಿ ಬಿಡುವವರು ಬೇರೆ. ಸಚಿವಾಲಯದ ಮುದ್ರೆ ನಗರದಾಚೆ ಕೆಲಸಕ್ಕೆ ಬಾರದಿರಬಹುದು. ಊರಿನ ಹಿರಿಯರು, ಧಾರ್ಮಿಕ ಮುಖಂಡರು, ಆ ರಸ್ತೆಯನ್ನು ಹಿಡಿದಿಟ್ಟಿರುವ ಗುಂಪು, ಎಲ್ಲರಿಗೂ ಒಂದೇ ಮಾತು ಹೇಳಿ. ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಮತ್ತೊಂದು ಹೇಳಿದರೆ ಮೂರನೆಯ ದಿನಕ್ಕೆ ಬಯಲಾಗುತ್ತದೆ. ಸಿರಿಯಾದಲ್ಲಿ ಸರ್ಕಾರದ ಹಿಡಿತದ ಪ್ರದೇಶಕ್ಕೊಂದು, ವಿರೋಧಿಗಳ ಹಿಡಿತದ ಪ್ರದೇಶಕ್ಕೊಂದು ಎಂದು ರೋಗ ಕಣ್ಗಾವಲು ವ್ಯವಸ್ಥೆಗಳೇ ಎರಡಾಗಿದ್ದವು. ರೋಗಾಣು ಗಡಿ ನೋಡುವುದಿಲ್ಲ, ಆದರೆ ದತ್ತಾಂಶ ಗಡಿಯಲ್ಲೇ ನಿಲ್ಲುತ್ತದೆ. ಒಂದೇ ಕಡೆಯ ಅಂಕಿಗಳನ್ನು ಇಡೀ ದೇಶದ್ದೆಂದು ಬರೆಯಬೇಡಿ.

ಆರೋಗ್ಯದ ಹೆಸರಿನಲ್ಲಿ ಬೇರೆ ಉದ್ದೇಶಕ್ಕೆ ಮಾಹಿತಿ ಎತ್ತಿದರೆ ಏನಾಗುತ್ತದೆ ಎಂಬುದನ್ನು ಪಾಕಿಸ್ತಾನದ ಅಬೊಟಾಬಾದ್ ತೋರಿಸಿದೆ. 2011ರಲ್ಲಿ ಒಸಾಮಾ ಬಿನ್ ಲಾಡೆನ್ ಅಡಗುತಾಣವನ್ನು ಖಚಿತಪಡಿಸಿಕೊಳ್ಳಲು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಹೆಪಟೈಟಿಸ್ ಬಿ ಲಸಿಕೆಯ ನೆಪ ಹೂಡಿತು. ಸುದ್ದಿ ಹೊರಬಿದ್ದ ಮೇಲೆ ಲಸಿಕೆ ಹಾಕುವವರೆಲ್ಲರೂ ಅನುಮಾನಕ್ಕೆ ಗುರಿಯಾದರು. 2012ರ ಡಿಸೆಂಬರ್‌ನಲ್ಲಿ ಪೋಲಿಯೊ ಕಾರ್ಯಕರ್ತೆಯರನ್ನು ಗುಂಡಿಟ್ಟು ಕೊಂದರು. ಇನ್ನು ಮುಂದೆ ಲಸಿಕೆಯನ್ನು ಗೂಢಚರ್ಯೆಗೆ ಬಳಸುವುದಿಲ್ಲವೆಂದು ಶ್ವೇತಭವನ ಹೇಳಿದ್ದು 2014ರಲ್ಲಿ. ನೀವು ಬಾಗಿಲು ತಟ್ಟಿದಾಗ ಒಳಗಿರುವವರಿಗೆ ನೆನಪಾಗುವುದು ಇಂಥ ಕಥೆಗಳೇ. ಹಣ ಯಾರದು, ಮಾಹಿತಿ ಎಲ್ಲಿಗೆ ಹೋಗುತ್ತದೆ ಎಂದು ಕೇಳುವ ಮೊದಲೇ ಹೇಳಿ. ಸೈನ್ಯದ ಹಣ ಅಥವಾ ಸೈನ್ಯದ ಬೆಂಗಾವಲಿನಲ್ಲಿ ಮನೆಮನೆ ಸಮೀಕ್ಷೆಗೆ ಹೋಗಬೇಡಿ.

ಹೆಜ್ಜೆ 3: ಒಪ್ಪಿಗೆ ಎಂದರೆ ಸಹಿ ಅಲ್ಲ

ಮನುಷ್ಯರ ಮೇಲಿನ ವೈದ್ಯಕೀಯ ಸಂಶೋಧನೆಗೆ ನೈತಿಕ ನಿಯಮ ಹಾಕಿದ 1947ರ ನ್ಯೂರೆಂಬರ್ಗ್ ಸಂಹಿತೆ, 1964ರ ಹೆಲ್ಸಿಂಕಿ ಘೋಷಣೆ ಯುದ್ಧಕಾಲಕ್ಕೂ ಅನ್ವಯಿಸುತ್ತವೆ. ನ್ಯೂರೆಂಬರ್ಗ್ ಸಂಹಿತೆ ಹುಟ್ಟಿದ್ದೇ ಯುದ್ಧದ ಅಪರಾಧಗಳ ವಿಚಾರಣೆಯಲ್ಲಿ. 1977ರ ಜಿನೀವಾ ಹೆಚ್ಚುವರಿ ಪ್ರೋಟೊಕಾಲ್ ಇನ್ನೂ ಕಟ್ಟುನಿಟ್ಟು: ಎದುರಾಳಿಯ ವಶದಲ್ಲಿರುವವರ, ಬಂಧನದಲ್ಲಿರುವವರ ಮೇಲೆ ಅವರು ಒಪ್ಪಿದರೂ ವೈದ್ಯಕೀಯ ಪ್ರಯೋಗ ಮಾಡುವಂತಿಲ್ಲ. ನಿಮ್ಮ ಸಂಸ್ಥೆಯ ನೈತಿಕ ಸಮಿತಿಯ ಜತೆಗೆ ಆ ದೇಶದ ಸಮಿತಿಯ ಪರಿಶೀಲನೆಯೂ ಬೇಕು. ಅದು ಕೆಲಸ ನಿಲ್ಲಿಸಿದ್ದರೆ ಅಲ್ಲಿನ ವೈದ್ಯರು ಮತ್ತು ಸಮುದಾಯದವರ ಸಣ್ಣ ಗುಂಪೊಂದು ಪ್ರತಿ ಪ್ರಶ್ನೆಯನ್ನೂ ಓದಿ ನೋಡಲಿ.

ಸಹಿ ಕೇಳಿದರೆ ಅನೇಕ ಕಡೆ ಜನ ಹಿಂಜರಿಯುತ್ತಾರೆ, ಅದು ಸರಿಯೇ. ಸಹಿ ಮಾಡಿದ ಕಾಗದ ಅವರ ವಿರುದ್ಧದ ಸಾಕ್ಷ್ಯವಾಗಬಹುದು. ಬಾಯಿಮಾತಿನ ಒಪ್ಪಿಗೆಗೆ ಸಮಿತಿಯಿಂದ ಮೊದಲೇ ಅನುಮತಿ ಪಡೆಯಿರಿ. ಹೊಸ್ತಿಲಲ್ಲಿ ಹೇಳಬೇಕಾದ ಮಾತು ಇಷ್ಟು ಚಿಕ್ಕದಾಗಿರಲಿ:

“ನಾವು ಮಕ್ಕಳ ಆರೋಗ್ಯದ ಬಗ್ಗೆ ಕೆಲವು ಪ್ರಶ್ನೆ ಕೇಳಲು ಬಂದಿದ್ದೇವೆ. ನಿಮ್ಮ ಹೆಸರು ಬರೆದುಕೊಳ್ಳುವುದಿಲ್ಲ. ಉತ್ತರ ಕೊಟ್ಟರೆ ಪಡಿತರ ಹೆಚ್ಚು ಸಿಗುವುದಿಲ್ಲ, ಕೊಡದಿದ್ದರೆ ಕಡಿಮೆಯಾಗುವುದೂ ಇಲ್ಲ. ಬೇಡವೆನಿಸಿದ ಪ್ರಶ್ನೆಯನ್ನು ಬಿಡಬಹುದು, ನಡುವೆ ಸಾಕು ಎನ್ನಬಹುದು. ಈಗ ಮಾತನಾಡುವುದು ನಿಮಗೆ ಕ್ಷೇಮವೇ?”

ಕೊನೆಯ ವಾಕ್ಯವನ್ನು ಎಂದಿಗೂ ಬಿಡಬೇಡಿ. ‘ಬೇಡ’ ಎಂದವರ ಸಂಖ್ಯೆಯನ್ನೂ ಬರೆದಿಡಿ. ನೂರಕ್ಕೆ ನೂರು ಜನ ಒಪ್ಪಿದ್ದಾರೆಂದರೆ ನನಗೆ ಸಂತೋಷಕ್ಕಿಂತ ಹೆಚ್ಚು ಸಂಶಯ ಬರುತ್ತದೆ, ಬಹುಶಃ ಯಾರಿಗೂ ‘ಬೇಡ’ ಎನ್ನುವ ಧೈರ್ಯ ಬಂದಿರಲಿಕ್ಕಿಲ್ಲ.

ಲೈಂಗಿಕ ಹಿಂಸೆಯ ವಿಷಯ ಬೇರೆಯೇ. ಈ ಕುರಿತು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರತ್ಯೇಕ ಶಿಫಾರಸುಗಳನ್ನು ಪ್ರಕಟಿಸಿದೆ. ಅವುಗಳಲ್ಲೊಂದು, ಸಂತ್ರಸ್ತರಿಗೆ ಚಿಕಿತ್ಸೆ ಮತ್ತು ಆಸರೆ ಸಿಗುವ ವ್ಯವಸ್ಥೆ ಇಲ್ಲದ ಕಡೆ ಇಂಥ ಮಾಹಿತಿ ಸಂಗ್ರಹ ಶುರು ಮಾಡಲೇಬಾರದು ಎಂಬುದು. ಗಾಯ ತೆರೆದು ಬ್ಯಾಂಡೇಜ್ ಇಲ್ಲದೆ ಎದ್ದು ಹೋಗುವುದು ಕ್ರೌರ್ಯ. ವರದಿಯ ಪರಿಣಾಮವನ್ನೂ ಮೊದಲೇ ಅಳೆದುಕೊಳ್ಳಬೇಕು. 2005ರ ಮಾರ್ಚ್‌ನಲ್ಲಿ ‘ಗಡಿಗಳಿಲ್ಲದ ವೈದ್ಯರು’ ಸಂಸ್ಥೆ ಸುಡಾನ್‌ನ ಡಾರ್ಫರ್‌ನಲ್ಲಿ ತಾನು ಚಿಕಿತ್ಸೆ ಕೊಟ್ಟ ಅತ್ಯಾಚಾರ ಸಂತ್ರಸ್ತೆಯರ ಬಗ್ಗೆ ವರದಿ ಪ್ರಕಟಿಸಿತು. ಮೇ ತಿಂಗಳಲ್ಲಿ ಸುಡಾನ್ ಸರ್ಕಾರ ಆ ಸಂಸ್ಥೆಯ ಇಬ್ಬರು ಮುಖ್ಯಸ್ಥರನ್ನು ಬಂಧಿಸಿತು.

ಹೆಜ್ಜೆ 4: ಯಾವ ಬಾಗಿಲು? ಮಾದರಿಯ ಆಯ್ಕೆ

ಹೆಚ್ಚಿನ ಸಮೀಕ್ಷೆಗಳು ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಜನಗಣತಿ ಹಳೆಯದು, ಅರ್ಧ ಊರು ಖಾಲಿ, ಶಿಬಿರದಲ್ಲಿ ಹೊಸಬರು. ಒಟ್ಟು ಜನಸಂಖ್ಯೆಯೇ ಗೊತ್ತಿಲ್ಲದಿರುವಾಗ ಸಾವುಗಳನ್ನು ಭಾಗಿಸಬೇಕಾದ ಸಂಖ್ಯೆ, ಅಂದರೆ ಭಾಜಕ, ಎಲ್ಲಿಂದ ಬರಬೇಕು? ಉಪಗ್ರಹ ಚಿತ್ರದಲ್ಲಿ ಮನೆ ಮತ್ತು ಗುಡಾರಗಳ ಚಾವಣಿ ಎಣಿಸಿ, ನಾಲ್ಕಾರು ಕಡೆ ನೆಲದ ಮೇಲೆ ಹೋಗಿ ಪ್ರತಿ ಚಾವಣಿಯಡಿ ಎಷ್ಟು ಜನ ಎಂದು ನೋಡಿ ಗುಣಿಸುವುದು ಒಂದು ದಾರಿ. ಆ ಮೇಲೆ ಪ್ರದೇಶವನ್ನು ಗುಚ್ಛಗಳಾಗಿ, ಅಂದರೆ ಅಕ್ಕಪಕ್ಕದ ಮನೆಗಳ ಗುಂಪುಗಳಾಗಿ ವಿಂಗಡಿಸಿ, ಚೀಟಿ ಎತ್ತಿದಂತೆ ಆರಿಸಿ, ಪ್ರತಿ ಗುಚ್ಛದಲ್ಲೂ ನಿಗದಿತ ಸಂಖ್ಯೆಯ ಮನೆಗಳಿಗೆ ಹೋಗುವುದು ಸಾಮಾನ್ಯ ಪದ್ಧತಿ.

ಲೆಕ್ಕ ಹೀಗೆ ನಡೆಯುತ್ತದೆ. 3,000 ಜನರಿರುವ ಮನೆಗಳಲ್ಲಿ ಕಳೆದ 90 ದಿನಗಳ ಸಾವುಗಳನ್ನು ಕೇಳಿದಿರಿ, 27 ಸಾವು ಸಿಕ್ಕಿತು ಎಂದುಕೊಳ್ಳಿ. 3,000 ಜನ, 90 ದಿನ, ಅಂದರೆ 2,70,000 ವ್ಯಕ್ತಿ-ದಿನಗಳು. ಮರಣ ಪ್ರಮಾಣ ದಿನಕ್ಕೆ ಹತ್ತು ಸಾವಿರಕ್ಕೆ ಒಂದು. ಅದೇ ತುರ್ತುಸ್ಥಿತಿಯ ಅಂತರರಾಷ್ಟ್ರೀಯ ಮಿತಿ, ಐದು ವರ್ಷದೊಳಗಿನ ಮಕ್ಕಳಿಗೆ ಅದು ಎರಡು. ಆದರೆ ಒಂದೇ ಗುಚ್ಛದ ಮನೆಗಳು ಒಂದನ್ನೊಂದು ಹೋಲುವುದರಿಂದ ನಿಮ್ಮ ಅಂದಾಜಿನ ವ್ಯಾಪ್ತಿ ಸುಲಭವಾಗಿ 0.5ರಿಂದ 1.5ರವರೆಗೆ ಚಾಚಿಕೊಳ್ಳಬಹುದು. ಇನ್ನು, 300 ಜನರ ಒಂದು ಹಳ್ಳಿಯನ್ನು ದಾರಿ ಸುರಕ್ಷಿತವಲ್ಲ ಎಂದು ಬಿಟ್ಟಿದ್ದಿರಿ, ಅಲ್ಲಿ 9 ಸಾವುಗಳಾಗಿದ್ದವು ಎನ್ನಿ. ಅದೊಂದನ್ನು ಸೇರಿಸಿದರೆ ಪ್ರಮಾಣ 1.2ಕ್ಕೆ ಏರುತ್ತದೆ. ಹೋಗಲಾಗದ ಹಳ್ಳಿ ಸಾಮಾನ್ಯವಾಗಿ ಹೆಚ್ಚು ಸಾವು ಕಂಡ ಹಳ್ಳಿಯೇ ಆಗಿರುತ್ತದೆ. ಈ ಮಾತನ್ನು ನಕ್ಷೆಯ ಮೇಲೆ ಬರೆದು ಗೋಡೆಗೆ ಅಂಟಿಸಿಕೊಳ್ಳಿ.

ಇರಾಕ್ ಇದನ್ನು ಜಗತ್ತಿನ ಮುಂದೆ ಇಟ್ಟಿತು. 2006ರಲ್ಲಿ ಪ್ರಕಟವಾದ ಸಮೀಕ್ಷೆ 47 ಗುಚ್ಛಗಳ ಆಧಾರದಲ್ಲಿ, 2003ರ ಆಕ್ರಮಣದ ನಂತರ ಸುಮಾರು 6 ಲಕ್ಷ ಹಿಂಸಾತ್ಮಕ ಸಾವುಗಳಾಗಿವೆ ಎಂದು ಅಂದಾಜಿಸಿತು. 2008ರ ಆರಂಭದಲ್ಲಿ ಪ್ರಕಟವಾದ, ಇರಾಕ್ ಸರ್ಕಾರ ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ಸಮೀಕ್ಷೆ ಸಾವಿರಕ್ಕೂ ಹೆಚ್ಚು ಗುಚ್ಛಗಳನ್ನು ಆರಿಸಿಕೊಂಡು ಬಹುಮಟ್ಟಿಗೆ ಅದೇ ಅವಧಿಗೆ 1,51,000 ಎಂದಿತು. ಮೊದಲನೆಯದರಲ್ಲಿ ಮುಖ್ಯರಸ್ತೆಗೆ ಹತ್ತಿರದ ಮನೆಗಳೇ ಹೆಚ್ಚು ಆಯ್ಕೆಯಾದವೇ ಎಂಬ ಪ್ರಶ್ನೆ ಎದ್ದಿತು. ಎರಡನೆಯದರಲ್ಲಿ ಹತ್ತರಲ್ಲೊಂದು ಗುಚ್ಛಕ್ಕೆ ಹೋಗಲಾಗದೆ, ಬೇರೆ ಮೂಲದ ಮಾಹಿತಿಯಿಂದ ಆ ಜಾಗ ತುಂಬಬೇಕಾಯಿತು. ನಾಲ್ಕು ಪಟ್ಟು ಅಂತರದ ಹಿಂದೆ ಇರುವುದು ಇದೇ: ಯಾವ ಬಾಗಿಲು ತಟ್ಟಿದರು, ಯಾವುದನ್ನು ಬಿಟ್ಟರು, ಬಾಗಿಲು ತೆರೆದವರು ಯಾರಿಗೆ ಏನು ಹೇಳಿದರು.

ಆದ್ದರಿಂದ ಬದಲಿ ಗುಚ್ಛಗಳ ನಿಯಮವನ್ನು ಹೊರಡುವ ಮೊದಲೇ ಬರೆದಿಡಿ. ಸ್ಥಳದಲ್ಲಿ ‘ಪಕ್ಕದ ಊರಿಗೆ ಹೋಗಿಬಿಡೋಣ’ ಎಂದು ತೀರ್ಮಾನಿಸಬಾರದು. ಬಿಟ್ಟ ಊರುಗಳ ಪಟ್ಟಿ, ಕಾರಣ, ಜನಸಂಖ್ಯೆ ವರದಿಯ ಮೊದಲ ಪುಟಗಳಲ್ಲೇ ಇರಲಿ.

ಇನ್ನೊಂದು ಬಲೆ, ಹೋಲಿಕೆಯ ತಳಹದಿ. ಕಾಂಗೊದಲ್ಲಿ 1998ರ ಆಗಸ್ಟ್‌ನಿಂದ 2007ರ ಏಪ್ರಿಲ್‌ವರೆಗೆ 54 ಲಕ್ಷ ಹೆಚ್ಚುವರಿ ಸಾವುಗಳೆಂಬ ಅಂದಾಜು ಬಂತು. ಅವುಗಳಲ್ಲಿ ಬಹುಪಾಲು ಗುಂಡೇಟಿನಿಂದಲ್ಲ, ಮಲೇರಿಯಾ, ಅತಿಸಾರ, ನ್ಯುಮೋನಿಯಾ, ಅಪೌಷ್ಟಿಕತೆಯಿಂದ ಆದವು. ಆದರೆ ‘ಹೆಚ್ಚುವರಿ’ ಎನ್ನಲು ಯುದ್ಧವಿಲ್ಲದಿದ್ದರೆ ಎಷ್ಟು ಸಾವಾಗುತ್ತಿತ್ತು ಎಂಬುದು ಬೇಕು. ಅದಕ್ಕೆ ಬಳಸಿದ ಸಹಾರಾ ದಕ್ಷಿಣದ ಆಫ್ರಿಕಾದ ಸರಾಸರಿ ಕಾಂಗೊಗೆ ತೀರಾ ಕಡಿಮೆ ಎಂದು ವಿಮರ್ಶಕರು ವಾದಿಸಿದರು. ತಳಹದಿ ಸ್ವಲ್ಪ ಅಲುಗಿದರೂ ಲಕ್ಷಗಟ್ಟಲೆ ಸಾವುಗಳು ಸೇರುತ್ತವೆ ಅಥವಾ ಕಳೆದುಹೋಗುತ್ತವೆ. ಎರಡು ಮೂರು ತಳಹದಿಗಳಿಂದ ಲೆಕ್ಕ ಹಾಕಿ, ಎಲ್ಲವನ್ನೂ ತೋರಿಸಿ.

ಹೆಜ್ಜೆ 5: ಪ್ರಶ್ನೆ ಮತ್ತು ಅಳತೆ

ಪ್ರಶ್ನಾವಳಿ ಇಪ್ಪತ್ತು ನಿಮಿಷ ಮೀರಬಾರದು. ‘ಕಳೆದ ತೊಂಬತ್ತು ದಿನಗಳಲ್ಲಿ’ ಎಂದು ಕೇಳಿದರೆ ಯಾರಿಗೂ ಹೊಳೆಯುವುದಿಲ್ಲ. ಎಲ್ಲರೂ ನೆನಪಿಟ್ಟುಕೊಂಡಿರುವ ದಿನವೊಂದು ಬೇಕು: ಹಬ್ಬ, ಮೊದಲ ಮಳೆ, ಸೇತುವೆ ಬಿದ್ದ ದಿನ. ಸ್ಥಳೀಯರೊಂದಿಗೆ ಕುಳಿತು ಘಟನೆಗಳ ಪಂಚಾಂಗ ಮಾಡಿಕೊಳ್ಳಿ. ಮಗುವಿನ ವಯಸ್ಸು ತಿಳಿಯಲೂ ಅದೇ ನೆರವಾಗುತ್ತದೆ.

‘ಕುಟುಂಬ’ ಯಾರು ಎಂಬುದನ್ನು ಸ್ಪಷ್ಟಪಡಿಸಿ, ಒಂದೇ ಒಲೆಯಲ್ಲಿ ಬೇಯಿಸಿದ್ದನ್ನು ಉಣ್ಣುವವರು ಎಂಬುದು ಬಹಳ ಕಡೆ ಹೊಂದುವ ವ್ಯಾಖ್ಯೆ. ಎಲ್ಲರೂ ಸತ್ತುಹೋದ ಮನೆಯಲ್ಲಿ ಉತ್ತರಿಸಲು ಯಾರೂ ಇರುವುದಿಲ್ಲ. ಆ ಮನೆಯ ಬಗ್ಗೆ ನೆರೆಯವರನ್ನು ಕೇಳಿ, ಆದರೆ ಬೇರೆ ಅಂಕಣದಲ್ಲಿ ಬರೆಯಿರಿ.

ಅಳತೆಗಳಲ್ಲಿ ಸರಳವಾದದ್ದನ್ನೇ ಆರಿಸಿ. ಆರು ತಿಂಗಳಿಂದ ಐದು ವರ್ಷದವರೆಗಿನ ಮಗುವಿನ ತೋಳಿನ ಸುತ್ತಳತೆ ತೆಗೆಯಲು ಒಂದು ಪಟ್ಟಿ ಸಾಕು. ಎಡ ತೋಳು, ಭುಜದ ತುದಿ ಮತ್ತು ಮೊಣಕೈಯ ನಡುಬಿಂದುವಿನಲ್ಲಿ ಗುರುತು, ಕೈ ಸಡಿಲವಾಗಿ ಇಳಿಬಿಟ್ಟಿರಬೇಕು. ಪಟ್ಟಿ ಚರ್ಮಕ್ಕೆ ತಾಗಬೇಕು, ಒತ್ತಬಾರದು. 115 ಮಿಲಿಮೀಟರ್‌ಗಿಂತ ಕಡಿಮೆ ಇದ್ದರೆ ತೀವ್ರ ಅಪೌಷ್ಟಿಕತೆ. ಎರಡೂ ಪಾದಗಳನ್ನು ಹೆಬ್ಬೆರಳಿನಿಂದ ಮೂರು ಸೆಕೆಂಡು ಒತ್ತಿ ನೋಡಿ, ಗುಳಿ ಉಳಿದರೆ ತೋಳು ಎಷ್ಟೇ ದಪ್ಪವಿದ್ದರೂ ಅದು ತೀವ್ರವೇ. ಅಂಥ ಮಗುವನ್ನು ಬರೆದುಕೊಂಡು ಮುಂದಿನ ಮನೆಗೆ ಹೋಗುವಂತಿಲ್ಲ. ಚಿಕಿತ್ಸಾ ಕೇಂದ್ರದ ಚೀಟಿ, ಹೋಗುವ ದಾರಿ, ಸಾಧ್ಯವಾದರೆ ವಾಹನ ನಿಮ್ಮ ಬಳಿ ಇರಬೇಕು.

ಹೆಜ್ಜೆ 6: ಬರೆದುಕೊಂಡದ್ದು ಯಾರ ಕೈಗೆ ಸಿಕ್ಕೀತು?

ಹೆಸರು ಬೇಕಿಲ್ಲದಿದ್ದರೆ ಬರೆಯಲೇಬೇಡಿ. 2006ರ ಆ ಇರಾಕ್ ಸಮೀಕ್ಷೆಯಲ್ಲಿ ಒಪ್ಪಿತ ಯೋಜನೆಗೆ ವಿರುದ್ಧವಾಗಿ ಹೆಸರುಗಳು ನಮೂನೆಗಳಲ್ಲಿ ಸೇರಿಕೊಂಡಿದ್ದವು, ಸಂಬಂಧಪಟ್ಟ ವಿಶ್ವವಿದ್ಯಾಲಯ 2009ರಲ್ಲಿ ಶಿಸ್ತುಕ್ರಮ ಕೈಗೊಂಡಿತು. ದೊಡ್ಡ ಸಂಸ್ಥೆಗಳಲ್ಲೂ ಮಾಹಿತಿ ಸೋರುತ್ತದೆ. 2022ರ ಜನವರಿಯಲ್ಲಿ ರೆಡ್‌ಕ್ರಾಸ್ ಅಂತರರಾಷ್ಟ್ರೀಯ ಸಮಿತಿಯ ಮೇಲೆ ನಡೆದ ಸೈಬರ್ ದಾಳಿಯಲ್ಲಿ 5,15,000ಕ್ಕೂ ಹೆಚ್ಚು ಜನರ ವಿವರಗಳು ಬಯಲಾದವು. ಅವರಲ್ಲಿ ಯುದ್ಧದಲ್ಲಿ ಕುಟುಂಬದಿಂದ ಬೇರ್ಪಟ್ಟವರೂ ಇದ್ದರು.

ಮೊಬೈಲ್‌ನಲ್ಲಿ ಮಾಹಿತಿ ಪಡೆದರೆ ಗೂಢಲಿಪೀಕರಣ (ಎನ್‌ಕ್ರಿಪ್ಷನ್) ಇರಲಿ, ಸಂಜೆ ಕಳಿಸಿದ ಮೇಲೆ ಯಂತ್ರದಿಂದ ಅಳಿಸಿ. ಮನೆಯ ಜಿಪಿಎಸ್ ಬಿಂದುವನ್ನು ಹಳ್ಳಿಯ ಮಟ್ಟಕ್ಕೆ ಇಳಿಸಿ. ಚೆಕ್‌ಪೋಸ್ಟ್‌ನಲ್ಲಿ ಫೋನ್ ತೆರೆದು ತೋರಿಸು ಎಂದರೆ ಏನು ಕಾಣಿಸುತ್ತದೆ ಎಂಬುದನ್ನು ತಂಡದ ಪ್ರತಿಯೊಬ್ಬರ ಫೋನಿನಲ್ಲೂ ಮೊದಲೇ ಪರೀಕ್ಷಿಸಿ.

ಹೆಜ್ಜೆ 7: ನಿಲ್ಲಿಸುವ ಅಧಿಕಾರ

ಬೆಳಗ್ಗೆ ಹೊರಡುವಾಗ ದಾರಿಯ ಸ್ಥಿತಿ ವಿಚಾರಿಸಿ, ಗಂಟೆಗೊಮ್ಮೆ ಸಂದೇಶ ಕಳಿಸುವ ನಿಯಮ ಇಟ್ಟುಕೊಳ್ಳಿ. ಎಲ್ಲಕ್ಕಿಂತ ಮುಖ್ಯವಾಗಿ, ‘ಇವತ್ತು ಬೇಡ’ ಎನ್ನುವ ಅಧಿಕಾರ ತಂಡದ ಅತ್ಯಂತ ಕಿರಿಯ ಸದಸ್ಯೆಗೂ ಇರಬೇಕು, ಕಾರಣ ಕೇಳಬಾರದು, ಆ ದಿನದ ಸಂಬಳ ಕಡಿಯಬಾರದು. ಆಸ್ಪತ್ರೆಯ ಗುರುತು ರಕ್ಷಣೆ ಕೊಡುತ್ತದೆ ಎಂದು ನಂಬಿ ಕೂರಬೇಡಿ. 2015ರ ಅಕ್ಟೋಬರ್ 3ರಂದು ಅಫ್ಘಾನಿಸ್ತಾನದ ಕುಂದೂಜ್‌ನ ಆಸ್ಪತ್ರೆಯ ಮೇಲೆ ಅಮೆರಿಕದ ವಿಮಾನ ದಾಳಿ ನಡೆದು 42 ಜನ ಸತ್ತರು. ಆ ಕಟ್ಟಡದ ಸ್ಥಳವಿವರವನ್ನು ಅಮೆರಿಕದ ಸೈನ್ಯಕ್ಕೆ ಮೊದಲೇ ಕೊಟ್ಟದ್ದಾಗಿತ್ತು.

ದಿನವಿಡೀ ಸಾವಿನ ಕಥೆ ಕೇಳಿ ಬಂದವರಿಗೆ ಸಂಜೆ ಮಾತನಾಡಲು ಒಬ್ಬರು ಬೇಕು. ಅದಕ್ಕೂ ಸಮಯ, ಹಣ ಇಡಿ.

ಹೆಜ್ಜೆ 8: ಬಾಗಿಲೇ ಇಲ್ಲದಾಗ, ಮತ್ತು ಫಲಿತಾಂಶ ಹೇಳುವಾಗ

ಮನೆಮನೆಗೆ ಹೋಗುವುದು ಅಸಾಧ್ಯವಾದರೆ ಬೇರೆ ಬೇರೆ ಪಟ್ಟಿಗಳನ್ನು ಹೋಲಿಸುವ ವಿಧಾನವಿದೆ. ಒಂದೇ ಹೆಸರು ಎಷ್ಟು ಪಟ್ಟಿಗಳಲ್ಲಿ ಮರುಕಳಿಸುತ್ತದೆ ಎಂಬುದರಿಂದ ಯಾವ ಪಟ್ಟಿಯಲ್ಲೂ ಇಲ್ಲದವರು ಎಷ್ಟಿರಬಹುದು ಎಂದು ಅಂದಾಜಿಸುವುದು. ಪೆರುವಿನ ಸತ್ಯ ಶೋಧನಾ ಆಯೋಗ 2003ರಲ್ಲಿ ಹೀಗೆಯೇ, ಆ ದೇಶದ ಆಂತರಿಕ ಸಂಘರ್ಷದಲ್ಲಿ ಸತ್ತವರು ಮತ್ತು ಕಾಣೆಯಾದವರು 69,280 ಎಂಬ ಅಂದಾಜಿಗೆ ಬಂತು. ಗಾಜಾದಲ್ಲಿ ಆಸ್ಪತ್ರೆಗಳ ಪಟ್ಟಿ, ಆನ್‌ಲೈನ್ ಸಮೀಕ್ಷೆ, ಸಾಮಾಜಿಕ ಜಾಲತಾಣಗಳ ನಿಧನವಾರ್ತೆ, ಈ ಮೂರನ್ನು ಹೋಲಿಸಿದ ಅಧ್ಯಯನವೊಂದು 2025ರ ಜನವರಿಯಲ್ಲಿ ಪ್ರಕಟವಾಯಿತು. 2023ರ ಅಕ್ಟೋಬರ್ 7ರಿಂದ 2024ರ ಜೂನ್ 30ರವರೆಗೆ ಗಾಯಗಳಿಂದ ಸತ್ತವರು ಸುಮಾರು 64,260, ಅಂದರೆ ಅಲ್ಲಿನ ಆರೋಗ್ಯ ಸಚಿವಾಲಯದ ಲೆಕ್ಕದಲ್ಲಿ ಶೇ 41ರಷ್ಟು ಸಾವುಗಳು ಬಿಟ್ಟುಹೋಗಿವೆ ಎಂದು ಅದು ಅಂದಾಜಿಸಿತು. ವ್ಯಾಪ್ತಿ 55,298ರಿಂದ 78,525. ಪತ್ರಿಕೆಗಳು ನಡುವಿನ ಸಂಖ್ಯೆಯನ್ನಷ್ಟೇ ಎತ್ತಿಕೊಳ್ಳುತ್ತವೆ. ನೀವು ವ್ಯಾಪ್ತಿಯನ್ನು ಅದೇ ವಾಕ್ಯದಲ್ಲಿ ಹೇಳಿ, ಬಿಡಿಸಲು ಅವಕಾಶ ಕೊಡಬೇಡಿ.

ಫಲಿತಾಂಶ ಮೊದಲು ತಲುಪಬೇಕಾದದ್ದು ಕ್ರಮ ಕೈಗೊಳ್ಳಬಲ್ಲವರಿಗೆ, ಅದು ವಾರಗಳೊಳಗೆ ಆಗಬೇಕು. ಪ್ರಬಂಧ ಆಮೇಲೆ ಬರಲಿ. ಪ್ರಕಟಣೆಗೆ ಮುನ್ನ ಸ್ಥಳೀಯ ಸಹೋದ್ಯೋಗಿಗಳು ಪ್ರತಿ ವಾಕ್ಯವನ್ನೂ ಓದಿ, ಯಾವುದು ಯಾರಿಗೆ ಅಪಾಯ ತರಬಹುದು ಎಂದು ಗುರುತು ಹಾಕಲಿ. ಕಡೆಗೆ ಅವರ ಭಾಷೆಯಲ್ಲಿ ಒಂದೇ ಪುಟ ಬರೆದು, ಓದಲು ಬಾರದವರಿಗೆ ಧ್ವನಿಮುದ್ರಿಸಿ, ಸಮೀಕ್ಷೆ ನಡೆದ ಊರುಗಳಿಗೆ ಹಿಂತಿರುಗಿ ಹೋಗಿ. ಅಂದು ಅರ್ಧವೇ ಬಾಗಿಲು ತೆರೆದಿದ್ದ ಆ ತಾಯಿ ‘ನಾವು ಹೇಳಿದ್ದು ಏನಾಯಿತು?’ ಎಂದು ಕೇಳುತ್ತಾರೆ. ಆ ಪುಟದ ಮೊದಲ ಸಾಲಿನಲ್ಲೇ ಅದಕ್ಕೆ ಉತ್ತರ ಇರಲಿ.